ಮಂಗನ ಕಾಯಿಲೆಗೆ ಹೊಸ ಲಸಿಕೆ: ಪ್ರಯೋಗ ಮಲೆನಾಡಿಗೆ ಬರುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಆಗುಂಬೆ: ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಕಾಡಂಚಿನ ಊರುಗಳು 2022ರಿಂದ ಈಚೆಗೆ ಮಂಗನ ಕಾಯಿಲೆಯನ್ನು ಲಸಿಕೆಯ ರಕ್ಷಣೆ ಇಲ್ಲದೆ ಎದುರಿಸುತ್ತಿವೆ. ದಶಕಗಳ ಕಾಲ ಹಾಕುತ್ತಿದ್ದ ಹಳೆಯ ಲಸಿಕೆ ನಿರೀಕ್ಷಿತ ಫಲ ಕೊಡುತ್ತಿಲ್ಲವೆಂದು ಅದರ ಬಳಕೆ ನಿಂತಿದೆ. 2024ರ ಆರಂಭದಲ್ಲಿ ಸಾವುಗಳು ಸಂಭವಿಸಿದಾಗ, ಹೊಸ ಲಸಿಕೆ ತಯಾರಿಸುವಂತೆ ರಾಜ್ಯ ಸರ್ಕಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯನ್ನು (ಐಸಿಎಂಆರ್) ಕೇಳಿಕೊಂಡಿತು. ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಸಿದ್ಧಪಡಿಸಿರುವ ಲಸಿಕೆ ಈಗ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. 28 ದಿನಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಎಂಬುದು ಅದರ ಕ್ರಮ.

ಮೊದಲ ಹಂತ ನಡೆಯುವುದು ಮಲೆನಾಡಿನಲ್ಲಲ್ಲ, ಸೌಲಭ್ಯವಿರುವ ದೊಡ್ಡ ಕೇಂದ್ರಗಳಲ್ಲಿ. ಆದರೆ ಲಸಿಕೆ ನಿಜವಾಗಿ ಕಾಯಿಲೆ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಾಯಿಲೆ ಇರುವ ಊರುಗಳಲ್ಲಿ ಮಾತ್ರ. ಇಂದಲ್ಲ ನಾಳೆ ಆಗುಂಬೆಯಂತಹ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ. ಆಗ ಹೌದು ಅಥವಾ ಇಲ್ಲ ಎನ್ನಬೇಕಾದವರು ಅಲ್ಲಿನ ಕುಟುಂಬಗಳು.

ಜೈನ ಸಮಾಜಕ್ಕೂ ಇದು ದೂರದ ವಿಷಯವಲ್ಲ. ಶ್ರೀ ಕ್ಷೇತ್ರ ಹೊಂಬುಜ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಆಚಾರ್ಯ ಕುಂದಕುಂದರ ನೆನಪಿನ ಕುಂದಾದ್ರಿ ಬೆಟ್ಟ ಆಗುಂಬೆಯ ಸಮೀಪದಲ್ಲಿ, ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಘಟ್ಟ ಇಳಿದರೆ ವರಂಗ, ಕಾರ್ಕಳ. ಮಲೆನಾಡಿನಲ್ಲೇ ತೋಟ, ಗದ್ದೆ ಮಾಡಿಕೊಂಡಿರುವ ಕುಟುಂಬಗಳೂ ಇವೆ, ರಾಜ್ಯದ ಬೇರೆ ಕಡೆಗಳಿಂದ ಯಾತ್ರೆಗೆ ಬರುವವರೂ ಇದ್ದಾರೆ. ಇನ್ನೂ ಒಂದು ಗಮನಿಸಬೇಕಾದ ಮಾತಿದೆ. ಮುನಿಸಂಘಗಳು ಚಾತುರ್ಮಾಸ ಮುಗಿಸಿ ವಿಹಾರ ಹೊರಡುವುದು ಮಳೆಗಾಲ ಕಳೆದ ಮೇಲೆ. ಉಣುಗಿನ ಕಾಟ ಏರುವುದೂ ಅದೇ ಒಣ ತಿಂಗಳುಗಳಲ್ಲಿ. ಬರಿಗಾಲಿನಲ್ಲಿ ನಡೆಯುವ ಪೂಜ್ಯರ ವಿಹಾರದ ದಾರಿ ನಿಗದಿ ಮಾಡುವ ಶ್ರಾವಕರು ಇದನ್ನು ತಿಳಿದಿರಬೇಕು.

ಕಾಯಿಲೆಯ ಪರಿಚಯ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಬಂದು ಪರೀಕ್ಷಿಸಿ, ಇದು ಹೊಸ ವೈರಾಣು ಎಂದು ಗುರುತಿಸಿದರು. ಅದಕ್ಕೆ ಆ ಕಾಡಿನ ಹೆಸರೇ ಉಳಿಯಿತು: ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಜನ ಕರೆದದ್ದು ಮಂಗನ ಕಾಯಿಲೆ ಎಂದು.

ಹೆಸರು ಮಂಗನದಾದರೂ ಹರಡುವುದು ಉಣುಗು. ಅದರಲ್ಲೂ ಎಳ್ಳಿನಷ್ಟೂ ದೊಡ್ಡದಲ್ಲದ ಮರಿ ಉಣುಗು. ಸತ್ತ ಮಂಗನ ಮೈಯಿಂದ ಉದುರುವ ಉಣುಗುಗಳು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೊಪ್ಪು, ದರಗು, ಕಟ್ಟಿಗೆ ತರಲು ಹೋದವರಿಗೆ, ದನ ಹುಡುಕಿಕೊಂಡು ಹೋದವರಿಗೆ ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸುತ್ತದೆ. ಕೆಲವರಿಗೆ ರಕ್ತಸ್ರಾವವಾಗುತ್ತದೆ. ಇನ್ನು ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮರುಕಳಿಸಿ ಮಿದುಳಿಗೆ ಏರುತ್ತದೆ. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ ಎಂಬುದು ಸಾಮಾನ್ಯ ಅಂದಾಜು. ಈ ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ದ್ರವಾಂಶ ಕಾಪಾಡುವುದು, ರಕ್ತದ ಪರೀಕ್ಷೆ ಮಾಡುತ್ತಾ ನಿಗಾ ಇಡುವುದೇ ಚಿಕಿತ್ಸೆ.

ಬಹಳ ಕಾಲ ಶಿವಮೊಗ್ಗ ಜಿಲ್ಲೆಯ ಕಾಯಿಲೆ ಎನಿಸಿಕೊಂಡಿದ್ದು ಆಮೇಲೆ ಉತ್ತರ ಕನ್ನಡಕ್ಕೆ, 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆಗೆ ದಾಟಿತು. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಂಡ ಸಾವುಗಳನ್ನು ಆ ಭಾಗದ ಜನ ಇನ್ನೂ ಮರೆತಿಲ್ಲ.

ಮೂರು ಲಸಿಕೆ, ಮೂರು ಪಾಠ

ಹೊಸ ಪ್ರಯೋಗದ ಬಗ್ಗೆ ಮಾತನಾಡುವ ಮೊದಲು ಹಳೆಯದನ್ನು ತಿಳಿಯಬೇಕು. ಮಲೆನಾಡಿಗೆ ಲಸಿಕೆ ಪ್ರಯೋಗ ಹೊಸದಲ್ಲ.

1950ರ ದಶಕದ ಕೊನೆಯಲ್ಲಿ ಮೊದಲು ತಂದದ್ದು ರಷ್ಯಾದ ಉಣುಗು ಜ್ವರದ ಲಸಿಕೆ. ಎರಡೂ ವೈರಾಣುಗಳು ಒಂದೇ ಕುಟುಂಬಕ್ಕೆ ಸೇರಿದವು, ಹಾಗಾಗಿ ಅದು ಇದಕ್ಕೂ ಆದೀತು ಎಂಬ ನಿರೀಕ್ಷೆ. ಇಲಿಯ ಮಿದುಳಿನಲ್ಲಿ ಬೆಳೆಸಿದ ಆ ಲಸಿಕೆ ಹೇಳಿಕೊಳ್ಳುವ ರಕ್ಷಣೆ ಕೊಡಲಿಲ್ಲ. ಹತ್ತಿರದ ಕಾಯಿಲೆಯ ಮದ್ದು ಈ ಕಾಯಿಲೆಗೂ ನಾಟುತ್ತದೆ ಎಂದು ಊಹಿಸಿ ಕೂರಲಾಗದು, ಪರೀಕ್ಷಿಸಿಯೇ ನೋಡಬೇಕು. ಇದು ಮೊದಲ ಪಾಠ.

ಎರಡನೆಯದು ಕೆಎಫ್‌ಡಿ ವೈರಾಣುವನ್ನೇ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ. ಇದನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಿಸಲಾಗುತ್ತಿತ್ತು. 1990ರಿಂದ 1992ರವರೆಗೆ ಮೂರು ಜಿಲ್ಲೆಗಳಲ್ಲಿ ಹತ್ತಾರು ಸಾವಿರ ಜನರಿಗೆ ಹಾಕಿ ನೋಡಿದಾಗ ಒಂದು ಡೋಸ್‌ಗೆ ಶೇ. 79.3, ಎರಡು ಡೋಸ್‌ಗೆ ಶೇ. 93.5 ರಕ್ಷಣೆ ಎಂಬ ಲೆಕ್ಕ ಬಂತು. ಜನರಿಗೂ ಇಲಾಖೆಗೂ ಧೈರ್ಯ ಬಂತು.

ಮೂರನೆಯ ಪಾಠ ಅದೇ ಲಸಿಕೆಯದು, ಆದರೆ ಹದಿನೈದು ವರ್ಷ ಕಳೆದ ಮೇಲಿನದು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದೇ ಡೋಸ್ ಪಡೆದವರಿಗೆ ಪ್ರಯೋಜನ ಕಾಣಲಿಲ್ಲ. ಎರಡು ಡೋಸ್‌ಗೆ ಶೇ. 62.4, ಅದರ ಮೇಲೆ ಬೂಸ್ಟರ್ ಸಹ ಪಡೆದವರಿಗೆ ಶೇ. 82.9 ಎಂದು ಕಂಡಿತು. ಲಸಿಕೆ ಹಾಕಿಸಿಕೊಂಡವರ ಪ್ರಮಾಣವೇ ಕಡಿಮೆ ಇತ್ತು. ಚುಚ್ಚಿದ ಜಾಗ ತುಂಬಾ ನೋಯುತ್ತಿದ್ದುದರಿಂದ ಎರಡನೇ ಸಲಕ್ಕೆ, ಬೂಸ್ಟರ್‌ಗೆ ಜನ ಬರುತ್ತಿರಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಒಂದು ಎಂಬ ಕ್ರಮ ಕಾಡಂಚಿನಲ್ಲಿ ದುಡಿಯುವವರಿಗೆ ಸುಲಭದ್ದಾಗಿರಲಿಲ್ಲ.

ಒಂದೇ ಲಸಿಕೆ, 1992ರಲ್ಲಿ ಶೇ. 93, 2010ರಲ್ಲಿ ಶೇ. 62. ಕಾರಣ ಏನೇ ಇರಲಿ, ಈ ಇಳಿಕೆ ತಿಳಿಯಲು ಇಷ್ಟು ವರ್ಷ ಬೇಕಾಯಿತು, ಬಳಕೆ ನಿಲ್ಲಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಷ್ಟು ಕಾಲ ಜನ ತಮಗೆ ರಕ್ಷಣೆ ಇದೆ ಎಂದು ನಂಬಿ ಕಾಡಿಗೆ ಹೋಗಿದ್ದಾರೆ. ಹೊಸ ಲಸಿಕೆಯ ವಿಷಯದಲ್ಲಿ ಇದು ಮರುಕಳಿಸಬಾರದು ಎಂದರೆ ಪ್ರಯೋಗ ಒಂದು ಸಲ ನಡೆದು ಮುಗಿದರೆ ಸಾಲದು. ಲಸಿಕೆ ಹಾಕಿದ ಪ್ರತಿ ಋತುವಿನಲ್ಲೂ ಯಾರಿಗೆ ಹಾಕಿತ್ತು, ಯಾರಿಗೆ ಕಾಯಿಲೆ ಬಂತು ಎಂಬ ಲೆಕ್ಕ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು.

ಪ್ರಯೋಗ ಕಷ್ಟ ಏಕೆ?

ಮನುಷ್ಯರ ಮೇಲಿನ ಪ್ರಯೋಗಕ್ಕೆ ಮೂರು ಮುಖ್ಯ ಹಂತಗಳಿವೆ. ಮೊದಲನೆಯದರಲ್ಲಿ ಕೆಲವೇ ಮಂದಿ ಆರೋಗ್ಯವಂತ ವಯಸ್ಕರಿಗೆ ಕೊಟ್ಟು ಸುರಕ್ಷಿತವೇ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಇನ್ನೂ ಹೆಚ್ಚು ಜನರಿಗೆ ಕೊಟ್ಟು ಪ್ರಮಾಣ ಎಷ್ಟಿರಬೇಕು, ರಕ್ತದಲ್ಲಿ ಪ್ರತಿರೋಧ ಎಷ್ಟು ಬರುತ್ತದೆ ಎಂದು ಅಳೆಯುತ್ತಾರೆ. ಮೂರನೆಯದರಲ್ಲಿ ಸಾವಿರಾರು ಜನರನ್ನು ಎರಡು ಗುಂಪು ಮಾಡಿ, ಕಾಯಿಲೆ ಯಾರಿಗೆ ಕಡಿಮೆ ಬರುತ್ತದೆ ಎಂದು ಎಣಿಸುತ್ತಾರೆ.

ಮಂಗನ ಕಾಯಿಲೆಗೆ ಈ ಮೂರನೇ ಹಂತವೇ ದೊಡ್ಡ ತೊಡಕು. ಒಂದು ಸರಳ ಲೆಕ್ಕ ನೋಡಬಹುದು. ಅಪಾಯದ ಊರುಗಳಲ್ಲಿ ಒಂದು ಋತುವಿಗೆ ಸಾವಿರಕ್ಕೆ ಒಬ್ಬರಿಗೆ ಕಾಯಿಲೆ ಬರುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಲಸಿಕೆ ಪಡೆಯದ 20,000 ಜನರಲ್ಲಿ 20 ಮಂದಿಗೆ ಬಂದರೆ, ಶೇ. 80 ರಕ್ಷಣೆ ಕೊಡುವ ಲಸಿಕೆ ಪಡೆದ 20,000 ಜನರಲ್ಲಿ 4 ಮಂದಿಗೆ ಬರುತ್ತದೆ. ಇಪ್ಪತ್ತಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಕಾಣಲು 40,000 ಜನ ಬೇಕು. ಗುಡ್ಡಗಾಡು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಅಂದರೆ ಎರಡು ಕೇಂದ್ರಗಳ ವ್ಯಾಪ್ತಿಯ ಒಬ್ಬರೂ ಬಿಡದೆ ಸೇರಬೇಕು. ಮಕ್ಕಳು, ಗರ್ಭಿಣಿಯರು, ಒಪ್ಪದವರನ್ನು ಬಿಟ್ಟರೆ ನಾಲ್ಕೈದು ಕೇಂದ್ರಗಳೇ ಬೇಕಾದಾವು. ಇಷ್ಟೆಲ್ಲ ಮಾಡಿದ ವರ್ಷ ಕಾಯಿಲೆ ಈ ಊರು ಬಿಟ್ಟು ಬೇರೆ ತಾಲ್ಲೂಕಿಗೆ ಹೋದರೆ ಲೆಕ್ಕವೇ ಕೈಗೆ ಸಿಗುವುದಿಲ್ಲ.

ಹಾಗಾಗಿ ಇಂತಹ ವಿರಳ ಕಾಯಿಲೆಗಳಲ್ಲಿ ರಕ್ತದ ಪ್ರತಿರೋಧ ಶಕ್ತಿ ಮತ್ತು ಪ್ರಾಣಿ ಪರೀಕ್ಷೆಯ ಫಲಿತಾಂಶವನ್ನು ಆಧಾರವಾಗಿಟ್ಟುಕೊಂಡು ಅನುಮತಿ ಕೊಟ್ಟು, ನಿಜವಾದ ಪರಿಣಾಮವನ್ನು ಬಳಕೆಯ ಸಮಯದಲ್ಲಿ ಅಳೆಯುವ ದಾರಿಯೂ ಇದೆ. ಆ ದಾರಿ ಹಿಡಿದರೆ ಹಳ್ಳಿಯ ಆರೋಗ್ಯ ಕೇಂದ್ರದ ನೋಂದಣಿ ಪುಸ್ತಕವೇ ಮೂರನೇ ಹಂತದ ಪ್ರಯೋಗವಾಗುತ್ತದೆ. ಅದು ಸರಿಯಾಗಿರದಿದ್ದರೆ ಹಳೆಯ ಲಸಿಕೆಯ ಕಥೆಯೇ ಮತ್ತೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಇವು ಕಠಿಣವಾಗಲು ಕಾರಣವಿದೆ. 2009-10ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಬಾಲಕಿಯರಿಗೆ ಗರ್ಭಕಂಠ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿದ ಯೋಜನೆಯಲ್ಲಿ, ಅನೇಕ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆಗೆ ಸಹಿ ಹಾಕಿದ್ದು ಬಯಲಾಯಿತು. ಯೋಜನೆ 2010ರಲ್ಲಿ ನಿಂತಿತು, ಸಂಸದೀಯ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಬಡವರ, ಬುಡಕಟ್ಟಿನವರ ಮನೆಯ ಮಕ್ಕಳು ಸುಲಭಕ್ಕೆ ಸಿಗುತ್ತಾರೆಂಬ ಭಾವನೆಗೆ ಬಿದ್ದ ಪೆಟ್ಟು ಅದು.

ಈಗಿನ ನಿಯಮಗಳ ಮುಖ್ಯಾಂಶ ಹೀಗಿದೆ:

- ಒಪ್ಪಿಗೆಯನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತವಾಗಿ ಪಡೆಯಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು.
- ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಶಾಶ್ವತ ಹಾನಿ ಅಥವಾ ಸಾವು ಪ್ರಯೋಗದ ಕಾರಣದಿಂದ ಎಂದಾದರೆ ಪರಿಹಾರ ಕೊಡುವ ಹೊಣೆ ಪ್ರಾಯೋಜಕರದ್ದು.
- ಗಂಭೀರ ತೊಂದರೆ ಕಂಡ 24 ಗಂಟೆಯೊಳಗೆ ಪ್ರಯೋಗ ನಡೆಸುವ ವೈದ್ಯರು ಕೇಂದ್ರ ಪ್ರಾಧಿಕಾರಕ್ಕೆ, ಪ್ರಾಯೋಜಕರಿಗೆ ಮತ್ತು ನೈತಿಕ ಸಮಿತಿಗೆ ತಿಳಿಸಬೇಕು.
- ಪ್ರತಿ ಪ್ರಯೋಗವೂ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ ಮೊದಲೇ ದಾಖಲಾಗಿರಬೇಕು. ಈ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.
- ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬರು ವೈದ್ಯರಲ್ಲದ ಸಾಮಾನ್ಯರು, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು ಇರಬೇಕು. ಸಮಾಜ ವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ತತ್ವಶಾಸ್ತ್ರ ಅಥವಾ ಧರ್ಮಶಾಸ್ತ್ರ ತಿಳಿದವರಿಗೂ ಸ್ಥಾನವಿದೆ.

ಕೊನೆಯ ಅಂಶ ಬಹಳ ಜನರಿಗೆ ಗೊತ್ತಿಲ್ಲ. ಊರಿನ ಶಾಲಾ ಶಿಕ್ಷಕರು, ಪಂಚಾಯತಿ ಅನುಭವವಿರುವ ಮಹಿಳೆಯರು, ಸಂಘ-ಸಂಸ್ಥೆ ನಡೆಸುವವರು ಕೂರಬಹುದಾದ ಕುರ್ಚಿಗಳಿವು.

ಇನ್ನೊಂದು ನಿಯಮ ಆಗುಂಬೆಗೆ ನೇರವಾಗಿ ತಟ್ಟುತ್ತದೆ. ತನ್ನದೇ ನೈತಿಕ ಸಮಿತಿ ಇಲ್ಲದ ಕೇಂದ್ರವು ಅದೇ ಊರಿನ ಅಥವಾ 50 ಕಿಲೋಮೀಟರ್ ವ್ಯಾಪ್ತಿಯ ಸಮಿತಿಯಿಂದ ಅನುಮತಿ ಪಡೆಯಬೇಕು. ಆಗುಂಬೆಗೆ ಜಿಲ್ಲಾ ಕೇಂದ್ರವಾದ ಶಿವಮೊಗ್ಗ ಇದಕ್ಕಿಂತ ದೂರ. ಘಟ್ಟದ ಕೆಳಗಿನ ಮಣಿಪಾಲ ಹತ್ತಿರ, ಆದರೆ ಅದು ಬೇರೆ ಜಿಲ್ಲೆ. ರೋಗಿಗಳೂ ಇಂದು ಈ ಎರಡು ದಿಕ್ಕಿಗೆ ಹಂಚಿಹೋಗುತ್ತಾರೆ. ಒಬ್ಬ ರೋಗಿಯ ಲಸಿಕೆಯ ವಿವರ ಒಂದು ಜಿಲ್ಲೆಯಲ್ಲಿ, ಚಿಕಿತ್ಸೆಯ ವಿವರ ಇನ್ನೊಂದು ಜಿಲ್ಲೆಯಲ್ಲಿ ಉಳಿದರೆ ಎರಡನ್ನೂ ಜೋಡಿಸುವವರು ಯಾರು? ಪ್ರಯೋಗಕ್ಕೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದು.

ಹಂದಿಗೋಡಿನ ನೆನಪು

ಸಾಗರ ತಾಲ್ಲೂಕಿನ ಹಂದಿಗೋಡನ್ನು ಇಲ್ಲಿ ನೆನೆಯಬೇಕು. 1970ರ ದಶಕದ ಮಧ್ಯದಲ್ಲಿ ಆ ಊರಿನಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂತು. ಬಾಧೆಗೆ ಒಳಗಾದವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳ ಕೂಲಿಕಾರರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಐಸಿಎಂಆರ್ ತಂಡಗಳು ಬಂದವು. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ವಂಶಾವಳಿ ಬರೆದುಕೊಂಡರು. ಇದು ವಂಶವಾಹಿಯಿಂದ ಬರುವ ಮೂಳೆಯ ಕಾಯಿಲೆ ಎಂದು ತಿಳಿಯಿತು. ವಿಜ್ಞಾನಕ್ಕೆ ಅದು ದೊಡ್ಡ ತಿಳಿವಳಿಕೆ. ಆದರೆ ಕಾಯಿಲೆ ಗುಣಪಡಿಸುವ ಔಷಧಿ ಆ ಮನೆಗಳಿಗೆ ಬರಲಿಲ್ಲ.

ಸಂಶೋಧಕರ ತಪ್ಪು ಎಂದು ಇದನ್ನು ಹೇಳಬೇಕಾಗಿಲ್ಲ, ಕೆಲವು ಕಾಯಿಲೆಗಳಿಗೆ ಮದ್ದು ಇರುವುದೇ ಇಲ್ಲ. ಆದರೆ ರಕ್ತ ಕೊಟ್ಟವರಿಗೆ ಏನು ಕಂಡುಬಂತು ಎಂದು ಅವರ ಮಾತಿನಲ್ಲಿ ತಿಳಿಸುವುದು, ಮುಂದಿನ ಆರೈಕೆ ಯಾರದೆಂದು ಮೊದಲೇ ಹೇಳುವುದು ಸಾಧ್ಯ. ಹೊಸ ಲಸಿಕೆಯ ಒಪ್ಪಿಗೆ ಪತ್ರದಲ್ಲಿ ಈ ಎರಡು ಸಾಲು ಇದೆಯೇ ಎಂದು ಮೊದಲು ಹುಡುಕಬೇಕು.

ಅಹಿಂಸೆಯ ಪ್ರಶ್ನೆ

ಜೈನ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಲಸಿಕೆಯನ್ನು ಯಾವುದರಲ್ಲಿ ಬೆಳೆಸಿದ್ದಾರೆ, ಎಷ್ಟು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಾರೆ? ಹಳೆಯ ಲಸಿಕೆಗಳ ಮೂಲ ಮೇಲೆ ಹೇಳಿದಂತೆ ಇಲಿಯ ಮಿದುಳು ಮತ್ತು ಕೋಳಿಯ ಭ್ರೂಣದ ಜೀವಕೋಶ. ಹೊಸ ಲಸಿಕೆಯೂ ಪ್ರಾಣಿ ಪರೀಕ್ಷೆ ದಾಟಿಯೇ ಬಂದಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಜೊತೆಗೆ, 2023ರ ಮಾರ್ಚ್‌ನಲ್ಲಿ ನಿಯಮಗಳಿಗೆ ಆದ ತಿದ್ದುಪಡಿಯು ಪ್ರಾಣಿಗಳ ಬದಲು ಮಾನವ ಜೀವಕೋಶ ಆಧಾರಿತ ಹಾಗೂ ಕಂಪ್ಯೂಟರ್ ಆಧಾರಿತ ಪರೀಕ್ಷೆಗಳನ್ನು ಬಳಸಲು ದಾರಿ ತೆರೆದಿದೆ ಎಂಬುದೂ ತಿಳಿದಿರಬೇಕು. ಲಸಿಕೆಯ ಘಟಕಗಳ ವಿವರ ಕೇಳುವುದು ಪಾಲ್ಗೊಳ್ಳುವವರ ಹಕ್ಕು. ಕೇಳಿ ತಿಳಿದುಕೊಂಡ ಮೇಲೆ ನಿರ್ಧಾರ ಆಯಾ ಮನೆಯದು. ಮಂಗಗಳು ಮೊದಲು ಸಾಯುವ, ಆಮೇಲೆ ಮನುಷ್ಯರು ಸಾಯುವ ಕಾಯಿಲೆ ಇದು ಎಂಬುದನ್ನೂ ಆ ನಿರ್ಧಾರದಲ್ಲಿ ತೂಗಬೇಕಾಗುತ್ತದೆ.

ಲಸಿಕೆಯೊಂದಕ್ಕೇ ಅಲ್ಲ

ಆಗುಂಬೆ ಸೀಮೆಯ ಆರೋಗ್ಯ ಕೇಂದ್ರಗಳು ಸಂಶೋಧನೆಗೆ ಸಜ್ಜಾದರೆ ಪ್ರಯೋಜನ ಮಂಗನ ಕಾಯಿಲೆಗಷ್ಟೇ ನಿಲ್ಲುವುದಿಲ್ಲ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಈಗ ಸಿಗುವ ವಿಷಹರ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗೆ ಮಾಡಿದ್ದು. ಮಲೆನಾಡಿನ ಗುಳಿಮಂಡಲಗಳ ಕಡಿತಕ್ಕೆ ಅದು ತಯಾರಾದದ್ದಲ್ಲ. ಗದ್ದೆಯಲ್ಲಿ ದುಡಿಯುವವರಿಗೆ ಬರುವ ಇಲಿ ಜ್ವರವೂ ಇದೆ. ಇವುಗಳಿಗೆ ಮದ್ದು ಪರೀಕ್ಷಿಸಬೇಕಾದ ಜಾಗ ಕಾಡಂಚಿನ ಆರೋಗ್ಯ ಕೇಂದ್ರವೇ ಹೊರತು ಮಹಾನಗರದ ಆಸ್ಪತ್ರೆಯಲ್ಲ. ಲಸಿಕೆ ಕೆಡದಂತೆ ಇಡುವ ಶೀತಲ ವ್ಯವಸ್ಥೆ, ಮಳೆಗಾಲದಲ್ಲೂ ಕೈಕೊಡದ ವಿದ್ಯುತ್ತು ಮತ್ತು ದೂರವಾಣಿ, ರಕ್ತದ ಮಾದರಿ ಬೇಗ ಸಾಗಿಸುವ ವಾಹನ, ದಾಖಲೆ ಬರೆಯಲು ಒಬ್ಬ ತರಬೇತಿ ಪಡೆದ ಸಿಬ್ಬಂದಿ: ಇವು ಒಮ್ಮೆ ಬಂದರೆ ಸಾಮಾನ್ಯ ಹೆರಿಗೆ, ಜ್ವರದ ರೋಗಿಗಳಿಗೂ ಒದಗುತ್ತವೆ. ಇವಿಲ್ಲದೆ 24 ಗಂಟೆಯ ವರದಿ ನಿಯಮ ಕಾಗದದ ಮೇಲಷ್ಟೇ ಉಳಿಯುತ್ತದೆ.

ಕುಟುಂಬಗಳು ಕೇಳಬೇಕಾದ ಪ್ರಶ್ನೆಗಳು

ಪ್ರಯೋಗಕ್ಕೆ ಸೇರುವಂತೆ ಯಾರಾದರೂ ಕೇಳಿದರೆ ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಪಡೆಯಬೇಕು. ಪ್ರಯೋಗದ ನೋಂದಣಿ ಸಂಖ್ಯೆ ಏನು? ಇದು ಯಾವ ಹಂತ? ತನಗೆ ಲಸಿಕೆಯ ಬದಲು ಬೇರೇನಾದರೂ ಕೊಡುವ ಸಾಧ್ಯತೆ ಇದೆಯೇ? ಎಷ್ಟು ಸಲ ರಕ್ತ ತೆಗೆಯುತ್ತಾರೆ? ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು, ಖರ್ಚು ಯಾರದು? ಫಲಿತಾಂಶ ಊರಿಗೆ ತಿಳಿಸುವವರು ಯಾರು? ಲಸಿಕೆ ಒಳ್ಳೆಯದೆಂದು ಸಾಬೀತಾದರೆ ಪಡೆಯದ ಗುಂಪಿನವರಿಗೆ ಮೊದಲು ಕೊಡುತ್ತಾರೆಯೇ? ಸಹಿ ಹಾಕುವ ಮೊದಲು ಪತ್ರವನ್ನು ಮನೆಗೆ ಒಯ್ದು ಓದಲು ಸಮಯ ಕೇಳಿದರೆ ತಪ್ಪಿಲ್ಲ.

ಪ್ರಯೋಗದ ಲಸಿಕೆ ಪಡೆದವರೂ ಎಚ್ಚರಿಕೆ ಬಿಡುವಂತಿಲ್ಲ. ಅದು ರಕ್ಷಣೆ ಕೊಡುತ್ತದೆಯೇ ಎಂದು ತಿಳಿಯಲೆಂದೇ ಪ್ರಯೋಗ ಮಾಡುವುದು.

ಲಸಿಕೆ ಬರುವವರೆಗೆ

ಡಿಸೆಂಬರ್‌ನಿಂದ ಮೇ ವರೆಗೆ, ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗೆ, ಈ ಭಾಗದಲ್ಲಿ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಬೇಕು. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಅಥವಾ ಪಂಚಾಯತಿಗೆ ತಿಳಿಸಬೇಕು. ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಬೇಕು.

ಕುಂದಾದ್ರಿ, ಹೊಂಬುಜ ಯಾತ್ರೆಗೆ ಬರುವವರು ಹೆದರಬೇಕಾಗಿಲ್ಲ. ರಸ್ತೆ, ಬಸದಿಯ ಆವರಣ ಬಿಟ್ಟು ತರಗೆಲೆಯ ಮೇಲೆ ಕುಳಿತು ಊಟ ಮಾಡುವುದನ್ನು, ಕಾಡಿನೊಳಗಿನ ಕಾಲುದಾರಿಗಳನ್ನು ಈ ತಿಂಗಳುಗಳಲ್ಲಿ ತಪ್ಪಿಸಿದರೆ ಸಾಕು. ಊರಿಗೆ ಮರಳಿದ ಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೆಳಗಾವಿಯಲ್ಲೋ ಮೈಸೂರಿನಲ್ಲೋ ಕುಳಿತ ವೈದ್ಯರಿಗೆ ಈ ಕಾಯಿಲೆ ತಟ್ಟನೆ ಹೊಳೆಯದಿರಬಹುದು. ವಿಹಾರದ ವ್ಯವಸ್ಥೆ ನೋಡುವ ಸಮಿತಿಗಳು ದಾರಿಯ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಆ ವಾರದ ಪರಿಸ್ಥಿತಿ ವಿಚಾರಿಸಿ, ಮಂಗ ಸತ್ತ ಜಾಗಗಳನ್ನು ಬಿಟ್ಟು ಡಾಂಬರು ರಸ್ತೆಯ ದಾರಿ ಆರಿಸುವುದು ಒಳ್ಳೆಯದು.

ಹೊಸ ಲಸಿಕೆ ಮಲೆನಾಡಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಪರೀಕ್ಷಿಸಲು ಮಲೆನಾಡಿನವರೇ ತೋಳು ಒಡ್ಡಬೇಕಾಗುತ್ತದೆ, ಅದೂ ನಿಜ. ಕೇಳುವವರು ಒಪ್ಪಿಗೆಯ ಪತ್ರವನ್ನು ತರುವಷ್ಟೇ ಶ್ರದ್ಧೆಯಿಂದ ಫಲಿತಾಂಶದ ಪತ್ರವನ್ನೂ ಅದೇ ಮನೆಗೆ ತಂದು ಕೊಡಲಿ ಎಂಬುದಷ್ಟೇ ಈ ಊರುಗಳ ನ್ಯಾಯವಾದ ಬೇಡಿಕೆ.